ಸಂಘಗಳು ಹೆತ್ತ ಪಕ್ಷಕ್ಕೆ ನನ್ನ ಚಂದಾ ಹೋಗಬೇಕೇ?

ಹಾಸನದವಳು, ಈಗ ಲೀಡ್ಸ್

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುತ್ತಿದ್ದೇನೆ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಬಂದ ಮೊದಲ ವರ್ಷ, ನನ್ನನ್ನು ಕರೆಸಿಕೊಂಡ ಸಂಸ್ಥೆಯವರು ಹೇಳಿದಷ್ಟು ಗಂಟೆ ಕೆಲಸ ಕೊಡಲಿಲ್ಲ. ಕೇಳಿದರೆ ವೀಸಾ ಹೋಗುತ್ತದೆ ಎಂದು ಹೆದರಿಸಿದರು. ಜೊತೆಗಿದ್ದ ಕೇರಳದ ಹುಡುಗಿ ನನ್ನನ್ನು ಯೂನಿಸನ್ ಎಂಬ ಕಾರ್ಮಿಕ ಸಂಘಕ್ಕೆ ಸೇರಿಸಿದಳು. ಸಂಘದ ಪ್ರತಿನಿಧಿ ಐವತ್ತು ದಾಟಿದ ಹೆಂಗಸು. ಒಂದು ಕೈಯಲ್ಲಿ ಚಹಾದ ಫ್ಲಾಸ್ಕ್, ಇನ್ನೊಂದರಲ್ಲಿ ನೀಲಿ ಫೈಲು ಹಿಡಿದು ಬಂದು ವ್ಯವಸ್ಥಾಪಕರ ಎದುರು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ನನ್ನ ಸಂಬಳದ ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟು, ಪ್ರತಿಯೊಂದರಲ್ಲೂ ಒಂದೇ ಸಾಲಿನ ಮೇಲೆ ಬೆರಳಿಟ್ಟರು. ಆರು ವಾರದಲ್ಲಿ ಬಾಕಿ ಹಣ ಬಂತು. ಸಂಘ ಎಂದರೆ ನನಗೆ ಆ ಬೆರಳು.

ಈಗಿನ ವಿಷಯ ಹೀಗಿದೆ. ಸೇರುವಾಗ ಅರ್ಜಿಯಲ್ಲಿ ರಾಜಕೀಯ ನಿಧಿಯ ಎರಡು ಚೌಕಗಳಿದ್ದವು. ಒಂದು ಲೇಬರ್ ಪಕ್ಷದ ಜೊತೆಗಿನ ಸಂಬಂಧಕ್ಕೆ ಹೋಗುವ ಹಣ, ಇನ್ನೊಂದು ಯಾವ ಪಕ್ಷಕ್ಕೂ ಸೇರದ ಪ್ರಚಾರ ನಿಧಿ. ಅರ್ಥವಾಗದೆ ಎರಡನ್ನೂ ಖಾಲಿ ಬಿಟ್ಟಿದ್ದೆ. ಮೊನ್ನೆ ಅದೇ ಪ್ರತಿನಿಧಿ, ‘ಮೊದಲನೆಯದಕ್ಕೆ ಗುರುತು ಹಾಕು, ನಮ್ಮ ಧ್ವನಿ ಗಟ್ಟಿಯಾಗಬೇಕು’ ಎಂದರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಆದರೆ 2024ರ ಜುಲೈನಿಂದ ಇಲ್ಲಿ ಆಳುತ್ತಿರುವುದು ಆ ಪಕ್ಷವೇ. ಶಾಶ್ವತ ವಾಸದ ಅನುಮತಿಗೆ 5 ವರ್ಷ ಕಾಯಬೇಕೆಂದು ನಂಬಿ ನಾನು ಬಂದೆ. 2025ರ ಮೇ ತಿಂಗಳ ಶ್ವೇತಪತ್ರ ಅದನ್ನು 10 ವರ್ಷ ಮಾಡುವ ಮಾತನ್ನಾಡಿತು. ನವೆಂಬರ್‌ನಲ್ಲಿ ನನ್ನಂಥ ಆರೈಕೆ ಕೆಲಸದವರಿಗೆ 15 ವರ್ಷ ಎಂಬ ಪ್ರಸ್ತಾವ ಬಂತು. ನನ್ನ ಮಗಳಿಗೆ ಈಗ ಆರು ವರ್ಷ. ಲೆಕ್ಕ ಹಾಕಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ನನ್ನನ್ನು ಕಾಯಿಸುವ ಪಕ್ಷಕ್ಕೆ ನನ್ನನ್ನು ಕಾಪಾಡಿದ ಸಂಘದ ಮೂಲಕ ಹಣ ಕೊಡಬೇಕೇ?

ಧಾರವಾಡದ ಇತಿಹಾಸ ಮೇಷ್ಟರು

ತಂಗಿ, ನಿಮ್ಮ ಪ್ರಶ್ನೆಗೆ ನೂರ ಇಪ್ಪತ್ತೈದು ವರ್ಷದ ವಯಸ್ಸಾಗಿದೆ. ನಮ್ಮ ದೇಶದ ಅನುಭವದಿಂದ ಇದನ್ನು ನೋಡಿದರೆ ದಾರಿ ತಪ್ಪುತ್ತದೆ. ಆದ್ದರಿಂದ ಬ್ರಿಟನ್ನಿನ ಕಥೆಯನ್ನು ಮೊದಲು ಹೇಳುತ್ತೇನೆ.

ಅಲ್ಲಿ ಪಕ್ಷ ಸಂಘವನ್ನು ಕಟ್ಟಲಿಲ್ಲ, ಸಂಘಗಳೇ ಪಕ್ಷವನ್ನು ಹೆತ್ತವು. ಕಥೆ ಆರಂಭವಾಗುವುದು ಡಾನ್‌ಕಾಸ್ಟರ್‌ನಲ್ಲಿ. ನೀವಿರುವ ಲೀಡ್ಸ್‌ನಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಸಿಗುವ ಊರು. ಅಲ್ಲಿನ ರೈಲ್ವೆ ನೌಕರರ ಸಂಘದ ಶಾಖೆಯೊಂದು, ಕಾರ್ಮಿಕರ ಪ್ರತಿನಿಧಿಗಳನ್ನು ಸಂಸತ್ತಿಗೆ ಕಳುಹಿಸಲು ಸಮ್ಮೇಳನ ಕರೆಯಬೇಕು ಎಂಬ ನಿರ್ಣಯ ಬರೆಯಿತು. 1899ರಲ್ಲಿ ಪ್ಲಿಮತ್‌ನಲ್ಲಿ ಸೇರಿದ, ಸಂಘಗಳ ಒಕ್ಕೂಟವಾದ ಕಾರ್ಮಿಕ ಸಂಘಗಳ ಕಾಂಗ್ರೆಸ್‌ನಲ್ಲಿ ಅದು 5,46,000ಕ್ಕೆ 4,34,000 ಮತಗಳಿಂದ ಗೆದ್ದಿತು. ಮರುವರ್ಷ ಫೆಬ್ರವರಿಯಲ್ಲಿ ಲಂಡನ್ನಿನ ಮೆಮೋರಿಯಲ್ ಹಾಲ್‌ನಲ್ಲಿ 129 ಪ್ರತಿನಿಧಿಗಳು ಸೇರಿ ಒಂದು ಸಮಿತಿ ಮಾಡಿದರು. 1906ರಲ್ಲಿ ಆ ಸಮಿತಿಯೇ ಲೇಬರ್ ಪಕ್ಷ ಎಂಬ ಹೆಸರು ಪಡೆಯಿತು.

ಸಂಘಗಳನ್ನು ಆ ಸಮಿತಿಯ ಕಡೆಗೆ ನೂಕಿದ್ದು ಒಂದು ತೀರ್ಪು. ವೇಲ್ಸ್‌ನ ಟಾಫ್ ವೇಲ್ ರೈಲ್ವೆಯಲ್ಲಿ ಮುಷ್ಕರ ನಡೆಯಿತು. ಕಂಪನಿಗೆ ಆದ ನಷ್ಟವನ್ನು ಸಂಘವೇ ತುಂಬಿಕೊಡಬೇಕು ಎಂದು 1901ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆ ತೀರ್ಮಾನಿಸಿತು. ಪರಿಹಾರ 23,000 ಪೌಂಡ್. ಮುಷ್ಕರ ಹೂಡಿದರೆ ಸಂಘದ ಪೆಟ್ಟಿಗೆಯೇ ಬರಿದಾಗುತ್ತದೆ ಎಂದಾಗ ಕಾನೂನು ಮಾಡುವ ಮನೆಯೊಳಗೆ ತಮ್ಮವರು ಇರಬೇಕೆಂಬ ಮಾತು ಎಲ್ಲರಿಗೂ ಹೊಳೆಯಿತು. 1906ರಲ್ಲಿ ಲೇಬರ್‌ಗೆ 29 ಸ್ಥಾನ ಬಂತು, ಅದೇ ವರ್ಷ ಆ ತೀರ್ಪನ್ನು ಅಳಿಸುವ ಕಾಯ್ದೆಯೂ ಬಂತು.

ಇನ್ನು ನಿಮ್ಮ ಚೌಕದ ಚರಿತ್ರೆ. ಅದೇ ರೈಲ್ವೆ ಸಂಘದ ಆಸ್ಬರ್ನ್ ಎಂಬ ಸದಸ್ಯರು ಲಿಬರಲ್ ಪಕ್ಷದವರು. ‘ನನ್ನ ಚಂದಾ ಲೇಬರ್‌ಗೆ ಏಕೆ?’ ಎಂದು ನ್ಯಾಯಾಲಯಕ್ಕೆ ಹೋದರು, 1909ರಲ್ಲಿ ಗೆದ್ದರು. 1913ರ ಕಾಯ್ದೆ ಒಂದು ನಡುದಾರಿ ಹುಡುಕಿತು: ಸಂಘ ಮತ ಹಾಕಿಸಿ ಪ್ರತ್ಯೇಕ ರಾಜಕೀಯ ನಿಧಿ ಇಡಬಹುದು, ಬೇಡ ಎಂದು ಬರೆದುಕೊಟ್ಟವರು ಕೊಡಬೇಕಾಗಿಲ್ಲ. 1926ರ ಸಾರ್ವತ್ರಿಕ ಮುಷ್ಕರ ಸೋತ ಮೇಲೆ, 1927ರಲ್ಲಿ ಕನ್ಸರ್ವೇಟಿವ್ ಸರ್ಕಾರ ಇದನ್ನು ತಿರುಗಿಸಿ, ಬೇಕು ಎಂದು ಬರೆದುಕೊಟ್ಟವರಿಂದ ಮಾತ್ರ ಹಣ ಪಡೆಯಬೇಕೆಂದಿತು. 1946ರಲ್ಲಿ ಲೇಬರ್ ಪಕ್ಷದ ಆಟ್ಲಿ ಸರ್ಕಾರ ಹಳೆಯ ಪದ್ಧತಿಗೆ ತಂದಿತು. 2016ರಲ್ಲಿ ಕನ್ಸರ್ವೇಟಿವ್‌ಗಳು ಮತ್ತೆ ತಿರುಗಿಸಿದರು. 2025ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಉದ್ಯೋಗ ಹಕ್ಕುಗಳ ಕಾಯ್ದೆಯಲ್ಲಿ ಲೇಬರ್ ಇನ್ನೊಮ್ಮೆ ತಿರುಗಿಸಿದೆ. ಸುಮ್ಮನಿರುವ ಸದಸ್ಯನ ಮೌನವನ್ನು ಯಾರ ಖಾತೆಗೆ ಬರೆಯಬೇಕು ಎಂಬುದೇ ಇಷ್ಟೂ ಕಾಲದ ಜಗಳ. ನೀವು ಮೌನ ಬಿಟ್ಟು ಕೇಳಿದ್ದೀರಿ, ಸಂತೋಷವಾಯಿತು.

ನಿವೃತ್ತ ಫಿಟ್ಟರ್, ಬೆಂಗಳೂರು

ಮೇಷ್ಟರು ಹೇಳಿದ್ದರಲ್ಲಿ ಒಂದು ಮಾತು ನನ್ನ ಎದೆಗೆ ನಾಟಿತು. ಅಲ್ಲಿ ಸಂಘ ತಾಯಿ, ಪಕ್ಷ ಮಗು. ನಮ್ಮಲ್ಲಿ ಬಹುಪಾಲು ತಿರುಗುಮುರುಗು. ಎಐಟಿಯುಸಿ 1920ರಲ್ಲಿ ಎಲ್ಲರ ಸಂಘಟನೆಯಾಗಿ ಹುಟ್ಟಿತು. ಮುಂದೆ 1947ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿಗರು ಐಎನ್‌ಟಿಯುಸಿ ಕಟ್ಟಿದರು. ಕಮ್ಯುನಿಸ್ಟ್ ಪಕ್ಷ 1964ರಲ್ಲಿ ಒಡೆಯಿತು, 1970ರಲ್ಲಿ ಸಿಐಟಿಯು ಬೇರೆಯಾಯಿತು. ಪಕ್ಷ ಒಡೆದಾಗಲೆಲ್ಲ ಕಾರ್ಖಾನೆಯ ಗೇಟಿನ ಮುಂದೆ ಒಂದು ಬಾವುಟದ ಕಂಬ ಹೆಚ್ಚುತ್ತಿತ್ತು.

ನಾನು 1980-81ರ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಇದ್ದವನು. ಡಿಸೆಂಬರ್ 26ಕ್ಕೆ ಆರಂಭ, 77 ದಿನ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಎಲ್ಲ ನಿಂತಿತ್ತು. ಬಿಎಚ್‌ಇಎಲ್‌ನವರಿಗೆ ಸಿಗುವಷ್ಟು ವೇತನ ನಮಗೂ ಬೇಕೆಂಬುದು ಬೇಡಿಕೆ. ದೆಹಲಿಯಲ್ಲಿ ಇಂದಿರಾ ಗಾಂಧಿ, ಇಲ್ಲಿ ಗುಂಡೂರಾವ್, ಎರಡೂ ಕಡೆ ಒಂದೇ ಪಕ್ಷ. ಆ 77 ದಿನ ಬೇರೆ ಬೇರೆ ಬಾವುಟದವರು ಒಂದೇ ಜಂಟಿ ವೇದಿಕೆಯಲ್ಲಿ ಕುಳಿತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಎರಡನೆಯ ತಿಂಗಳು ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಸಾಲದ ಪುಸ್ತಕ ಮುಚ್ಚಿದರು. ನನ್ನ ಹೆಂಡತಿ ಎರಡು ಬಳೆ ಗಿರವಿ ಇಟ್ಟು, ಕೈಗೆ ಗಾಜಿನ ಬಳೆ ಹಾಕಿಕೊಂಡು ಬಂದಳು. ‘ಯಾವ ಪಕ್ಷದವರು ನಿಮ್ಮ ಕಡೆ ಇದ್ದಾರೆ?’ ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಕೇಳಿದ ಸಮಾನ ವೇತನ ಸಿಗದೆಯೇ ಒಳಗೆ ಹೋದೆವು.

ಆದ್ದರಿಂದ ಮಗಳೇ, ನನ್ನ ಅಭಿಪ್ರಾಯ ಸ್ಪಷ್ಟ. ಸಂಘಕ್ಕೆ ಕೊಡು, ಪಕ್ಷಕ್ಕೆ ಬೇಡ. ಹಣದ ಗಂಟು ಒಮ್ಮೆ ಕೈಬಿಟ್ಟರೆ ಆಮೇಲೆ ಬಾಗಿಲ ಹೊರಗೆ ನಿಂತು ಕೂಗಬೇಕಾಗುತ್ತದೆ.

ಬರ್ಮಿಂಗ್‌ಹ್ಯಾಮ್ ನಿವಾಸಿ

ಹಿರಿಯರ ಮಾತಿಗೆ ನನ್ನ ಓಣಿಯೇ ಸಾಕ್ಷಿ. 2025ರ ಮಾರ್ಚ್ 11ರಿಂದ ಇಲ್ಲಿ ಕಸ ಒಯ್ಯುವವರು ಪೂರ್ತಿ ಮುಷ್ಕರಕ್ಕೆ ಇಳಿದರು. ಸಂಘ ಯುನೈಟ್, ನಗರ ಪಾಲಿಕೆ ಆಗ ಲೇಬರ್ ಪಕ್ಷದ್ದು. ಮಾರ್ಚ್ ಕೊನೆಗೆ ಬೀದಿಗಳಲ್ಲಿ 17,000 ಟನ್ ಕಸ ಬಿದ್ದಿದೆ ಎಂದು ಪಾಲಿಕೆಯೇ ತುರ್ತು ಸ್ಥಿತಿ ಘೋಷಿಸಿತು. ನಮ್ಮ ಮನೆಯ ಎದುರಿನ ಮೂಲೆಯಲ್ಲಿ ಕಪ್ಪು ಚೀಲಗಳು ನನ್ನ ಎದೆಯ ಎತ್ತರಕ್ಕೆ ಬೆಳೆದಿದ್ದವು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಹೊರಟಾಗ, ಕಡಿದ ಚೀಲದಿಂದ ಇಲಿ ಹೊರಬರುವುದನ್ನು ನೋಡಿ ಚಿಕ್ಕವಳು ನನ್ನ ಹೆಗಲೇರಿದಳು.

ಪಾಲಿಕೆ ಒಂದು ಹುದ್ದೆಯನ್ನೇ ತೆಗೆದುಹಾಕಿದ್ದು ಮುಷ್ಕರದ ಕಾರಣ. ಕೆಲವರಿಗೆ ವರ್ಷಕ್ಕೆ 8,000 ಪೌಂಡ್‌ವರೆಗೆ ನಷ್ಟ ಎಂದು ಸಂಘ ಹೇಳಿತು, ಪಾಲಿಕೆ ಆ ಲೆಕ್ಕವನ್ನು ಒಪ್ಪಲಿಲ್ಲ. ಲೇಬರ್ ಪಕ್ಷಕ್ಕೆ ದೊಡ್ಡ ಹಣ ಕೊಟ್ಟ ಸಂಘದ ಸದಸ್ಯರ ಸಂಬಳಕ್ಕೆ ಲೇಬರ್ ಪಾಲಿಕೆಯೇ ಕೈ ಹಾಕಿತು. ಜುಲೈನಲ್ಲಿ ಯುನೈಟ್ ಸಮ್ಮೇಳನ ಆಗಿನ ಉಪಪ್ರಧಾನಿ ಆಂಜೆಲಾ ರೇನರ್ ಅವರ ಸದಸ್ಯತ್ವವನ್ನು ಅಮಾನತು ಮಾಡಲು, ಪಕ್ಷದ ಜೊತೆಗಿನ ಸಂಬಂಧವನ್ನೇ ಮರುಪರಿಶೀಲಿಸಲು ಮತ ಹಾಕಿತು. ಅವರು ಆಗಲೇ ಸಂಘ ಬಿಟ್ಟಿದ್ದರು ಎಂದು ಅವರ ಕಡೆಯವರು ಹೇಳಿದರು. ಆಕೆ ಒಂದು ಕಾಲದಲ್ಲಿ ನಿಮ್ಮ ಹಾಗೆಯೇ ಆರೈಕೆ ಕೆಲಸ ಮಾಡುತ್ತ, ಯೂನಿಸನ್ ಪ್ರತಿನಿಧಿಯಾಗಿ ಬೆಳೆದು ಬಂದವರು. ಅದಕ್ಕೇ ಇದು ಇನ್ನೂ ನೋಯುತ್ತದೆ.

ನಾನಾದರೆ ಆ ಚೌಕವನ್ನು ಮುಟ್ಟುವುದಿಲ್ಲ.

ಮಂಗಳೂರಿನ ವಕೀಲ

ಬರ್ಮಿಂಗ್‌ಹ್ಯಾಮ್ ವಿಷಯದಲ್ಲಿ ಇನ್ನೊಂದು ಮಗ್ಗುಲು ಇದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅದೇ ಪಾಲಿಕೆಯಲ್ಲಿ ಅಡುಗೆ, ಸ್ವಚ್ಛತೆ, ಆರೈಕೆಯ ಕೆಲಸ ಮಾಡುವ ಹೆಂಗಸರು ದಶಕಗಳ ಕಾಲ ಗಂಡಸರಿಗಿಂತ ಕಡಿಮೆ ಪಡೆದರು. ಕಸ ಎತ್ತುವವರಿಗೂ ಬೀದಿ ಗುಡಿಸುವವರಿಗೂ ಸಿಗುತ್ತಿದ್ದ ಬೋನಸ್ ಇವರಿಗೆ ಇರಲಿಲ್ಲ. 2012ರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಹೆಂಗಸರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಂದ ಪಾಲಿಕೆ 100 ಕೋಟಿ ಪೌಂಡ್‌ಗಿಂತ ಹೆಚ್ಚು ಕೊಟ್ಟಿದೆ. 2023ರ ಸೆಪ್ಟೆಂಬರ್‌ನಲ್ಲಿ ಕೈಯಲ್ಲಿ ಹಣವಿಲ್ಲ ಎಂದು ಕೈಚೆಲ್ಲಿದ್ದಕ್ಕೆ ಇದೂ ಒಂದು ಕಾರಣ. ಈಗ ತೆಗೆದುಹಾಕಿದ ಹುದ್ದೆಯನ್ನು ಉಳಿಸಿಕೊಂಡರೆ ಮತ್ತೆ ಸಮಾನ ವೇತನದ ದಾವೆಗಳು ಬರುತ್ತವೆ ಎಂಬುದು ಪಾಲಿಕೆಯ ವಾದ. ಹೆಂಗಸರ ದಾವೆಗಳ ಹಿಂದೆ ನಿಂತ ಜಿಎಂಬಿ ಸಂಘವೂ ಲೇಬರ್‌ಗೆ ಸೇರಿದ್ದೇ. ಒಂದೇ ಪಕ್ಷಕ್ಕೆ ಚಂದಾ ಕಟ್ಟುವ ಎರಡು ಸಂಘಗಳ ಸದಸ್ಯರ ಹಿತ ಒಂದೇ ಮೇಜಿನ ಮೇಲೆ ಢಿಕ್ಕಿ ಹೊಡೆದಾಗ ಪಕ್ಷ ಯಾರ ಮಾತು ಕೇಳಬೇಕು? ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ತಿಳಿದಿರಲಿ. 1913ರ ಆ ಬ್ರಿಟಿಷ್ ಏರ್ಪಾಡಿನ ನೆರಳು ನಮ್ಮ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 16ನೇ ಕಲಮಿನಲ್ಲಿತ್ತು. ರಾಜಕೀಯಕ್ಕೆ ಪ್ರತ್ಯೇಕ ನಿಧಿ ಇಡಬೇಕು, ಅದಕ್ಕೆ ಕೊಡೆಂದು ಯಾರನ್ನೂ ಬಲವಂತ ಮಾಡಬಾರದು, ಕೊಡದವರ ಸೌಲಭ್ಯ ತಪ್ಪಿಸಬಾರದು. ನಾನು ವೃತ್ತಿಯಲ್ಲಿ ನೋಡಿದ ಸಂಘಗಳ ವಾರ್ಷಿಕ ಲೆಕ್ಕಪತ್ರಗಳಲ್ಲಿ ಆ ಕಾಲಂ ಯಾವಾಗಲೂ ಖಾಲಿ. ನಮ್ಮಲ್ಲಿ ಪಕ್ಷ ಮತ್ತು ಸಂಘದ ನಂಟು ನಾಯಕರ ಮೂಲಕ ನಡೆಯಿತು, ಸದಸ್ಯರ ಸಹಿಯ ಮೂಲಕ ನಡೆಯಲೇ ಇಲ್ಲ. ನಮ್ಮೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರನ್ನೇ ನೋಡಿ. 1974ರ ಮೇ 8ರಂದು ಆರಂಭವಾದ ರೈಲ್ವೆ ಮುಷ್ಕರದ ನಾಯಕರು, ಅದಕ್ಕೆ ಮೊದಲೇ ಬಂಧನ. 1977ರಲ್ಲಿ ಅವರೇ ಕೇಂದ್ರದ ಕೈಗಾರಿಕಾ ಸಚಿವರು. ರೈಲ್ವೆ ನೌಕರರ ಬೋನಸ್ 1979ರಲ್ಲಿ ಬಂತು. ನಾಯಕ ಒಳಗೆ ಹೋದಾಗ ಬಾಗಿಲು ಸ್ವಲ್ಪವಾದರೂ ತೆರೆಯುತ್ತದೆ ಎಂದೇ ನಾನು ನಂಬುತ್ತೇನೆ. ಹಿರಿಯರು ಕ್ಷಮಿಸಬೇಕು.

ಹಾಸನದವಳು, ಈಗ ಲೀಡ್ಸ್

ವಕೀಲರೇ, ಬರ್ಮಿಂಗ್‌ಹ್ಯಾಮ್‌ನ ಆ ಹೆಂಗಸರು ಮಾಡಿದ್ದು ನನ್ನದೇ ಕೆಲಸ. ಅದನ್ನು ಓದಿ ಬಹಳ ಹೊತ್ತು ಯೋಚಿಸುತ್ತ ಕುಳಿತೆ. ಮೇಷ್ಟರೇ, ಒಂದು ಸಂದೇಹ. ಪಕ್ಷ ಅಧಿಕಾರಕ್ಕೆ ಬಂದಾಗಲೆಲ್ಲ ಸಂಘಗಳಿಗೆ ಹೀಗೇ ಆಗಿದೆಯೇ? ಆಗಿದ್ದರೆ ಸಂಘಗಳು ಏಕೆ ಬಿಟ್ಟು ಹೋಗಲಿಲ್ಲ?

ಧಾರವಾಡದ ಇತಿಹಾಸ ಮೇಷ್ಟರು

ಪ್ರತಿಬಾರಿ ಅಲ್ಲ. 1945ರ ಆಟ್ಲಿ ಸರ್ಕಾರ ಆರೋಗ್ಯ ಸೇವೆ ಕಟ್ಟಿತು, ಗಣಿಗಳನ್ನು ರಾಷ್ಟ್ರೀಕರಿಸಿತು, 1927ರ ಕಾಯ್ದೆಯನ್ನೂ ಕಿತ್ತುಹಾಕಿತು. ಆದರೆ ಬಿರುಕಿನ ಕಥೆಗಳೂ ಇವೆ.

1931ರಲ್ಲಿ ಲೇಬರ್ ಪಕ್ಷದ ಪ್ರಧಾನಿ ಮ್ಯಾಕ್‌ಡೊನಾಲ್ಡ್ ನಿರುದ್ಯೋಗ ಭತ್ಯೆಯನ್ನು ಶೇ. 10ರಷ್ಟು ಕಡಿತ ಮಾಡಲು ಹೊರಟರು. ಸಂಘಗಳ ಪರವಾಗಿ ಬೆವಿನ್ ಮತ್ತು ಸಿಟ್ರಿನ್ ಒಪ್ಪಲಿಲ್ಲ. ಸಂಪುಟ 11ಕ್ಕೆ 9ರಂತೆ ಒಡೆಯಿತು. ಮ್ಯಾಕ್‌ಡೊನಾಲ್ಡ್ ಎದುರಾಳಿಗಳ ಜೊತೆ ಸೇರಿ ಸರ್ಕಾರ ಮಾಡಿದರು, ಪಕ್ಷ ಅವರನ್ನು ಹೊರಹಾಕಿತು. ಆಗ ಕುಸಿದ ಪಕ್ಷವನ್ನು ಎತ್ತಿ ನಿಲ್ಲಿಸಿದ್ದು ಸಂಘಗಳೇ. ಮನೆ ತಮ್ಮದು ಎಂಬ ಭಾವ ಅವರಿಗಿತ್ತು, ಬಿಟ್ಟು ಹೋಗದಿರಲು ಅದು ಕಾರಣ.

1969ರಲ್ಲಿ ಲೇಬರ್ ಸಚಿವೆ ಬಾರ್ಬರಾ ಕಾಸಲ್ ಮುಷ್ಕರಗಳಿಗೆ ಕಾನೂನಿನ ಕಡಿವಾಣ ಹಾಕಲು ಹೋಗಿ ಹಿಂದೆ ಸರಿದರು. 1978ರಲ್ಲಿ ಲೇಬರ್ ಪ್ರಧಾನಿ ಕ್ಯಾಲಹನ್ ವೇತನ ಏರಿಕೆಗೆ ಶೇ. 5ರ ಮಿತಿ ಹಾಕಿದರು. ಫೋರ್ಡ್ ಕಾರ್ಖಾನೆಯವರು ಮುಷ್ಕರ ಹೂಡಿ ಶೇ. 17ರಷ್ಟು ಪಡೆದರು. ಆ ಚಳಿಗಾಲವೆಲ್ಲ ಲಾರಿ ಚಾಲಕರಿಂದ ಹಿಡಿದು ಲಿವರ್‌ಪೂಲ್‌ನಲ್ಲಿ ಗೋರಿ ತೋಡುವವರವರೆಗೆ ಕೆಲಸ ನಿಂತಿತು. 1979ರ ಮೇ ತಿಂಗಳಲ್ಲಿ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಅಧಿಕಾರಕ್ಕೆ ಬಂದರು. ಆಗ 1.3 ಕೋಟಿಯಷ್ಟಿದ್ದ ಸಂಘಗಳ ಸದಸ್ಯತ್ವ ಈಗ ಸರಿಸುಮಾರು ಅರ್ಧ.

ಬಲ ಕುಗ್ಗಿದ ಹಾಗೆ ಪಕ್ಷವೂ ದೂರ ಸರಿಯಿತು. 1993ರಲ್ಲಿ ಪಕ್ಷದ ನಾಯಕ ಜಾನ್ ಸ್ಮಿತ್, ನಾಯಕನ ಆಯ್ಕೆಯಲ್ಲಿ ಸಂಘದ ಮುಖಂಡರು ಲಕ್ಷಾಂತರ ಮತಗಳನ್ನು ಒಟ್ಟಿಗೆ ಹಾಕುವ ಪದ್ಧತಿ ಕೊನೆಗೊಳಿಸಿದರು. 1995ರಲ್ಲಿ ಅವರ ನಂತರದ ನಾಯಕ ಬ್ಲೇರ್ ಸಾಮೂಹಿಕ ಒಡೆತನದ ಸಾಲನ್ನು ಪಕ್ಷದ ಸಂವಿಧಾನದಿಂದ ತೆಗೆಸಿದರು. ನನಗೆ ಎಲ್ಲಕ್ಕಿಂತ ಹೆಚ್ಚು ದುಃಖ ತಂದದ್ದು 2004. ಡಾನ್‌ಕಾಸ್ಟರ್‌ನ ಆ ನಿರ್ಣಯ ಬರೆದ ರೈಲ್ವೆ ಸಂಘದ ವಾರಸುದಾರ ಸಂಘ ಆರ್‌ಎಂಟಿ. ಅದರ ಕೆಲವು ಶಾಖೆಗಳು ಸ್ಕಾಟ್ಲೆಂಡಿನ ಬೇರೊಂದು ಸಮಾಜವಾದಿ ಪಕ್ಷವನ್ನು ಬೆಂಬಲಿಸಿದವು ಎಂಬ ಕಾರಣಕ್ಕೆ ಲೇಬರ್ ಅದನ್ನು ಹೊರಹಾಕಿತು. ಹೆತ್ತವಳನ್ನೇ ಮನೆಯಿಂದ ಕಳುಹಿಸಿದ ಹಾಗೆ. ಅಗ್ನಿಶಾಮಕ ಸಿಬ್ಬಂದಿಯ ಸಂಘ ಅದೇ ವರ್ಷ ತಾನಾಗಿ ಹೊರಬಂದು, 2015ರಲ್ಲಿ ಹಿಂತಿರುಗಿತು. ಬೇಕರಿ ಕಾರ್ಮಿಕರ ಸಂಘ 2021ರಲ್ಲಿ ಬಿಟ್ಟಿತು. ಈಗ ಉಳಿದಿರುವುದು 11 ಸಂಘಗಳು.

ವೆಂಬ್ಲಿಯ ಹಳಬ

ಮೇಷ್ಟರು ಕ್ಯಾಲಹನ್ ಕಾಲವನ್ನು ನೆನಪಿಸಿದರು, ಹಾಗಾಗಿ ಬರೆಯಲೇಬೇಕೆನಿಸಿತು. ನಾನು 1975ರಲ್ಲಿ ಮೈಸೂರಿನಿಂದ ಲಂಡನ್ನಿಗೆ ಬಂದವನು. ಮರುವರ್ಷ ಆಗಸ್ಟ್‌ನಲ್ಲಿ ವಿಲ್ಸ್‌ಡೆನ್‌ನ ಗ್ರನ್‌ವಿಕ್ ಫೋಟೊ ಸಂಸ್ಕರಣ ಕಾರ್ಖಾನೆಯಿಂದ ಜಯಾಬೆನ್ ದೇಸಾಯಿ ಮತ್ತು ಅವರ ಜೊತೆಗಾರರು ಹೊರಬಂದರು. ಹೆಚ್ಚಿನವರು ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿ ಹೆಂಗಸರು. ಡಾಲಿಸ್ ಹಿಲ್ ನಿಲ್ದಾಣದಿಂದ ಇಳಿದು ಕೆಲಸಕ್ಕೆ ಹೋಗುವಾಗ ಅವರನ್ನು ದಿನವೂ ನೋಡುತ್ತಿದ್ದೆ. ಸೀರೆಯ ಮೇಲೆ ದಪ್ಪ ಕೋಟು, ಕೈಯಲ್ಲಿ ಫಲಕ, ಕಾಲಿಗೆ ಚಪ್ಪಲಿಯೊಳಗೆ ಉಣ್ಣೆಯ ಕಾಲುಚೀಲ.

ಸರ್ಕಾರ ಲೇಬರ್‌ನದೇ. 1977ರ ಮೇ ತಿಂಗಳಲ್ಲಿ ಶರ್ಲಿ ವಿಲಿಯಮ್ಸ್ ಸೇರಿ ಮೂವರು ಸಚಿವರು ಬಂದು ಅವರ ಜೊತೆ ನಿಂತರು. ಜೂನ್‌ನಲ್ಲಿ ಗಣಿ ಕಾರ್ಮಿಕರು ಬಂದರು. ಮುಷ್ಕರಗಾರರನ್ನು ಮರಳಿ ತೆಗೆದುಕೊಳ್ಳಬೇಕೆಂದು ವಿಚಾರಣೆ ನಡೆಸಿದ ನ್ಯಾಯಾಧೀಶ ಸ್ಕಾರ್ಮನ್ ಹೇಳಿದರೂ ಮಾಲೀಕರು ಒಪ್ಪಲಿಲ್ಲ. ಆಮೇಲೆ ನಿಧಾನವಾಗಿ ಮೇಲಿನವರೆಲ್ಲ ಹಿಂದೆ ಸರಿದರು. ನವೆಂಬರ್‌ನ ಚಳಿಯಲ್ಲಿ ಜಯಾಬೆನ್ ಕಾರ್ಮಿಕ ಸಂಘಗಳ ಕಾಂಗ್ರೆಸ್ ಕಚೇರಿಯ ಮುಂದೆಯೇ ಉಪವಾಸ ಕುಳಿತರು. ಅದಕ್ಕಾಗಿ ಅವರ ಸಂಘವೇ ಅವರನ್ನು ಅಮಾನತು ಮಾಡಿತು. ಸರ್ಕಾರಕ್ಕೆ ಮುಜುಗರವಾಗಬಾರದೆಂದೇ ಹೀಗಾಯಿತು ಎಂದು ನಾವು ಆಗ ಮಾತನಾಡಿಕೊಳ್ಳುತ್ತಿದ್ದೆವು. ನಾನು ಇಂದಿಗೂ ಹಾಗೇ ನಂಬಿದ್ದೇನೆ. 1978ರ ಜುಲೈನಲ್ಲಿ ಮುಷ್ಕರ ಸೋತಿತು.

ಆದರೂ ಆ ಹೆಂಗಸರಿಂದಾಗಿಯೇ ಇಲ್ಲಿನ ಸಂಘಗಳು ನಮ್ಮ ಬಣ್ಣದವರನ್ನು ಸದಸ್ಯರೆಂದು ನೋಡಲು ಕಲಿತವು. ನಿಮ್ಮ ಪಕ್ಕದ ಕುರ್ಚಿಯಲ್ಲಿ ಆ ಪ್ರತಿನಿಧಿ ಕುಳಿತರಲ್ಲ, ಆ ಕುರ್ಚಿಯ ಹಿಂದೆ ಇವರಿದ್ದಾರೆ.

ಅಂಗನವಾಡಿ ಕಾರ್ಯಕರ್ತೆ, ಕಲಬುರಗಿ ಜಿಲ್ಲೆ

ಅಕ್ಕ, ನಾನು ಸಿಐಟಿಯು ಸಂಘದವಳು. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ರಸ್ತೆಯಲ್ಲೇ ಮಲಗಿದ್ದೆವು, ಆಗ ಕಾಂಗ್ರೆಸ್ ಸರ್ಕಾರ. 2023ರ ಜನವರಿಯಲ್ಲಿ ಮತ್ತೆ ಅಲ್ಲೇ, ಆಗ ಬಿಜೆಪಿ ಸರ್ಕಾರ. ಎರಡು ಸಲವೂ ಅದೇ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ನಮ್ಮ ಸಂಘ ಒಲವು ತೋರುವ ಪಕ್ಷ ಕರ್ನಾಟಕದಲ್ಲಿ ಆಳುವುದಿಲ್ಲ. ಆದ್ದರಿಂದ ಸಂಘ ನಮ್ಮದೇ, ಅನುಮಾನವಿರಲಿಲ್ಲ.

ಆದರೆ 2025ರ ಫೆಬ್ರವರಿಯಿಂದ ತಿರುವನಂತಪುರದ ಸಚಿವಾಲಯದ ಮುಂದೆ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ತಿಂಗಳುಗಟ್ಟಲೆ ಕುಳಿತರು. ಅವರದ್ದು ಬೇರೆ ಸಂಘಟನೆ. ಅಲ್ಲಿ ಆಗ ಆಳುತ್ತಿದ್ದದ್ದು ನಮ್ಮ ಸಂಘ ಒಲವು ತೋರುವ ಪಕ್ಷದ ಎಡರಂಗ. ನಮ್ಮ ಸಿಐಟಿಯು ನಾಯಕರು ಆ ಹೆಂಗಸರ ಜೊತೆ ನಿಲ್ಲಲಿಲ್ಲ, ಮುಷ್ಕರವನ್ನು ಟೀಕಿಸಿದರು. ಫೋನಿನಲ್ಲಿ ಆ ಸುದ್ದಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ನಾವು ಕೇಳಿದ್ದನ್ನೇ ಅವರೂ ಕೇಳಿದ್ದರು. ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ಕ್ಕೆ ಜಾರಿಯಾದಾಗ ಹತ್ತು ಕೇಂದ್ರ ಸಂಘಟನೆಗಳು ವಿರೋಧಿಸಿದವು, ಬಿಜೆಪಿಗೆ ಹತ್ತಿರದ ಬಿಎಂಎಸ್ ಸ್ವಾಗತಿಸಿತು. ಆಗ ನಾನು ಬಿಎಂಎಸ್‌ನ ಗೆಳತಿಯನ್ನು ಪ್ರಶ್ನಿಸಿದೆ. ಅವಳು ಕೇರಳದ ಮಾತೆತ್ತಿದಳು. ನಾನು ಸುಮ್ಮನಾದೆ.

ಆಮೇಲೆ ನಾನು ತಾಲ್ಲೂಕು ಸಭೆಯಲ್ಲಿ ಎದ್ದು ನಿಂತು ಕೇರಳದ ವಿಷಯ ಕೇಳಿದೆ. ಕೆಲವರು ಮುಖ ಗಂಟಿಕ್ಕಿದರು, ಇಬ್ಬರು ಚಪ್ಪಾಳೆ ತಟ್ಟಿದರು. ಸಂಘ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನೀವು ಆ ಚೌಕ ಖಾಲಿ ಬಿಟ್ಟರೆ ಪಕ್ಷದ ಬಗ್ಗೆ ಸಂಘದೊಳಗೆ ಮತ ಹಾಕುವ ಹಕ್ಕು ಇರುತ್ತದೆಯೇ? ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ನಿವೃತ್ತ ಫಿಟ್ಟರ್, ಬೆಂಗಳೂರು

ಕಲಬುರಗಿಯ ತಾಯಿ, ನಿಮ್ಮ ಸಭೆಯಲ್ಲಿ ನಾನಿದ್ದಿದ್ದರೆ ಮೂರನೆಯ ಚಪ್ಪಾಳೆ ನನ್ನದಾಗುತ್ತಿತ್ತು. ನಾನು 77 ದಿನದ ನಂತರ ಯಾವ ಸಭೆಯಲ್ಲೂ ಎದ್ದು ನಿಲ್ಲಲಿಲ್ಲ. ಚಂದಾ ಕೊಟ್ಟು ಮನೆಗೆ ಬರುತ್ತಿದ್ದೆ. ಆ ನೋವು ಈಗಲೂ ಇದೆ.

ಹಾಸನದವಳು, ಈಗ ಲೀಡ್ಸ್

ವಿಚಾರಿಸಿದೆ. ಲೇಬರ್ ಜೊತೆಗಿನ ನಿಧಿಗೆ ಕೊಡುವವರಿಗೆ ಮಾತ್ರ ಆ ಸಂಬಂಧದ ವಿಷಯದಲ್ಲಿ ಮತವಿದೆ. ನನ್ನ ಪ್ರತಿನಿಧಿಗೆ 15 ವರ್ಷದ ಪ್ರಸ್ತಾವವನ್ನೂ ಮಗಳ ವಯಸ್ಸನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ‘ನನ್ನ ತಂದೆ ಗಣಿಯಲ್ಲಿದ್ದವರು, ಪಕ್ಷ ನಮ್ಮದೆಂದೇ ಸತ್ತರು, ನನಗೂ ಬಿಡಲಾಗುವುದಿಲ್ಲ’ ಎಂದರು. ಯೂನಿಸನ್ ಈ ಪ್ರಸ್ತಾವವನ್ನು ವಿರೋಧಿಸಿರುವುದನ್ನೂ ಹೇಳಿದರು.

ಸದ್ಯಕ್ಕೆ ಪಕ್ಷವಿಲ್ಲದ ಪ್ರಚಾರ ನಿಧಿಗೆ ಗುರುತು ಹಾಕಿದ್ದೇನೆ. ಮೊದಲನೆಯ ಚೌಕ ಖಾಲಿ ಇದೆ. ಹಾಕುವ ದಿನ ಬಂದರೆ ಯಾವ ವಿಷಯಕ್ಕೆ ಮತ ಹಾಕಲು ಹಾಕುತ್ತೇನೆ ಎಂದು ಅವರಿಗೆ ಹೇಳಿಯೇ ಹಾಕುತ್ತೇನೆ. ಮೇಷ್ಟರು ಡಾನ್‌ಕಾಸ್ಟರ್ ಶಾಖೆಯ ವಿಷಯ ಬರೆದಿದ್ದನ್ನು ಮತ್ತೆ ಮತ್ತೆ ಓದಿದೆ. ನಮ್ಮ ಶಾಖೆಗೆ ಒಂದು ನಿರ್ಣಯ ಬರೆದಿದ್ದೇನೆ: ಆಗಲೇ ಬಂದಿರುವ ಆರೈಕೆ ಕೆಲಸದವರಿಗೆ ಬಂದಾಗ ಇದ್ದ 5 ವರ್ಷದ ನಿಯಮವೇ ಇರಬೇಕು ಎಂದು ಸಂಘ ಪಕ್ಷದ ಸಮ್ಮೇಳನದಲ್ಲಿ ಒತ್ತಾಯಿಸಬೇಕು. ನಾಲ್ಕು ಸಾಲು. ಅನುಮೋದಿಸಲು ಪ್ರತಿನಿಧಿಯೇ ಸಹಿ ಹಾಕಿದ್ದಾರೆ. ಸಭೆ ಗುರುವಾರ ಸಂಜೆ 6ಕ್ಕೆ, ನನ್ನ ಪಾಳಿ 8ರವರೆಗೆ. ಕೇರಳದ ಹುಡುಗಿ ಪಾಳಿ ಬದಲಿಸಿಕೊಂಡಿದ್ದಾಳೆ.

ನಿವೃತ್ತ ಫಿಟ್ಟರ್, ಬೆಂಗಳೂರು

ಆ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಇಲ್ಲಿ ಹಾಕು ಮಗಳೇ. ಗುರುವಾರ ನಮಗೆ ರಾತ್ರಿ ಹನ್ನೊಂದಾದರೂ ಎಚ್ಚರವಿರುತ್ತೇನೆ.